ವಿದ್ಯಾರ್ಥಿಗಳ ಧೂಮಪಾನ: ಚಟದ ಹಿಂದಿರುವ ಮನಸ್ಸು

ಧೂಮಪಾನ ಆರೋಗ್ಯಕ್ಕೆ ಹಾನಿಕರ ಎಂಬುದನ್ನು ಅರಿಯದ ಕಾಲೇಜು ವಿದ್ಯಾರ್ಥಿ ಇಂದು ಇರಲಾರ. 2012ರಿಂದ ಚಿತ್ರಮಂದಿರಗಳಲ್ಲಿ ಸಿನಿಮಾ ಆರಂಭಕ್ಕೆ ಮುನ್ನವೇ ಈ ಎಚ್ಚರಿಕೆ ಕೇಳಿಬರುತ್ತಿದೆ. ಸಿಗರೇಟು ಪೊಟ್ಟಣದ ಎರಡೂ ಮುಖ್ಯ ಬದಿಗಳ ಶೇ. 85ರಷ್ಟು ಭಾಗವನ್ನು ಚಿತ್ರಸಹಿತ ಎಚ್ಚರಿಕೆ ಆವರಿಸಬೇಕೆಂಬ ನಿಯಮ 2016ರ ಏಪ್ರಿಲ್‌ನಲ್ಲಿ ಜಾರಿಗೆ ಬಂದಿತು. ಇಷ್ಟಾದರೂ ಕಾಲೇಜು ಆವರಣದ ಹೊರಗಿನ ಚಹಾ ಅಂಗಡಿ, ಬೀಡಾ ಅಂಗಡಿಗಳ ಮುಂದೆ ಹೊಗೆಯಾಡುವುದು ನಿಂತಿಲ್ಲ. ವೈದ್ಯಕೀಯ ವಿದ್ಯಾರ್ಥಿಗಳೂ ಇದಕ್ಕೆ ಹೊರತಲ್ಲ ಎಂಬುದು ಸಮಸ್ಯೆಯ ಸ್ವರೂಪವನ್ನು ಸೂಚಿಸುತ್ತದೆ. ತಿಳಿವಳಿಕೆಯ ಕೊರತೆಯೊಂದೇ ಕಾರಣವಲ್ಲ ಎಂದಾದ ಮೇಲೆ ಉತ್ತರವನ್ನು ಮನಸ್ಸಿನಲ್ಲಿ ಹುಡುಕಬೇಕಾಗುತ್ತದೆ.

ಮನೋವಿಜ್ಞಾನಿಗಳು ಈ ಪ್ರಶ್ನೆಯನ್ನು ಮೂರು ಭಾಗಗಳಾಗಿ ವಿಂಗಡಿಸಿ ನೋಡುತ್ತಾರೆ. ಮೊದಲ ಸಿಗರೇಟನ್ನು ಹಚ್ಚುವುದೇಕೆ, ಅದನ್ನು ಮುಂದುವರಿಸುವುದೇಕೆ ಮತ್ತು ಬಿಡಬೇಕೆಂದರೂ ಬಿಡಲಾಗದಿರುವುದೇಕೆ? ಈ ಮೂರಕ್ಕೂ ಕಾರಣ ಒಂದೇ ಅಲ್ಲ. ಆರಂಭಕ್ಕೆ ಕುತೂಹಲ ಮತ್ತು ಸಂಗಡಿಗರು ಕಾರಣರಾದರೆ, ಮುಂದುವರಿಕೆಗೆ 'ಸಿಗರೇಟು ಟೆನ್ಷನ್ ಕಳೆಯುತ್ತದೆ' ಎಂಬ ನಂಬಿಕೆ ಆಧಾರವಾಗುತ್ತದೆ. ಸಂಶೋಧನೆಗಳು ಬಹುಮಟ್ಟಿಗೆ ಹುಸಿಯೆಂದು ತೋರಿಸಿರುವುದು ಈ ನಂಬಿಕೆಯನ್ನೇ.

ಅಂಕಿ-ಅಂಶಗಳ ಚಿತ್ರ

2016-17ರಲ್ಲಿ ನಡೆದ ಎರಡನೆಯ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ಭಾರತದಲ್ಲಿ 15 ವರ್ಷ ಮೇಲ್ಪಟ್ಟವರ ಪೈಕಿ ಶೇ. 28.6ರಷ್ಟು ಮಂದಿ ಒಂದಿಲ್ಲೊಂದು ರೂಪದಲ್ಲಿ ತಂಬಾಕು ಬಳಸುತ್ತಿದ್ದರು. ಧೂಮಪಾನಿಗಳ ಪ್ರಮಾಣ ಶೇ. 10.7. ಪುರುಷರಲ್ಲಿ ಇದು ಶೇ. 19ರಷ್ಟಿದ್ದರೆ ಮಹಿಳೆಯರಲ್ಲಿ ಶೇ. 2. ಕರ್ನಾಟಕದಲ್ಲಿ ತಂಬಾಕು ಬಳಸುವವರ ಪ್ರಮಾಣ 2009-10ರ ಮೊದಲ ಸಮೀಕ್ಷೆಯಲ್ಲಿ ಶೇ. 28.2 ಇದ್ದುದು ಶೇ. 22.8ಕ್ಕೆ ಇಳಿದಿತ್ತು.

ವಿದ್ಯಾರ್ಥಿ ಸಮುದಾಯದ ದೃಷ್ಟಿಯಿಂದ ಇನ್ನೆರಡು ಅಂಶಗಳು ಮಹತ್ವದವು. ದೇಶದಲ್ಲಿ 15ರಿಂದ 24 ವರ್ಷದವರ ತಂಬಾಕು ಬಳಕೆ ಈ ಎರಡು ಸಮೀಕ್ಷೆಗಳ ನಡುವಿನ ಅವಧಿಯಲ್ಲಿ ಶೇ. 18.4ರಿಂದ ಶೇ. 12.4ಕ್ಕೆ ಇಳಿಯಿತು. ಇದು ಸಮಾಧಾನಕರ. ಆದರೆ ತಂಬಾಕು ಬಳಕೆ ಆರಂಭಿಸುವ ಸರಾಸರಿ ವಯಸ್ಸು 18.9 ವರ್ಷ ಎಂದು ಎರಡನೆಯ ಸಮೀಕ್ಷೆ ಗುರುತಿಸಿತು. ಪಿಯುಸಿ ಮುಗಿಸಿ, ಮನೆ ಬಿಟ್ಟು, ಹಾಸ್ಟೆಲ್ ಅಥವಾ ಪೇಯಿಂಗ್ ಗೆಸ್ಟ್ ವಸತಿ ಸೇರುವ ವಯಸ್ಸೂ ಸರಿಸುಮಾರು ಇದೇ ಎಂಬುದು ಗಮನಾರ್ಹ.

ಮೊದಲ ಸಿಗರೇಟು

ಮೊದಲ ಸಿಗರೇಟು ಬಹುತೇಕರಿಗೆ ಹಿತವೆನಿಸುವುದಿಲ್ಲ. ಕೆಮ್ಮು, ತಲೆಸುತ್ತು, ಓಕರಿಕೆ ಸಾಮಾನ್ಯ. ಆದ್ದರಿಂದ ಆರಂಭದ ಆಕರ್ಷಣೆ ನಿಕೋಟಿನ್‌ನದ್ದಲ್ಲ, ಸಿಗರೇಟಿಗೆ ಸಮಾಜ ಅಂಟಿಸಿರುವ ಅರ್ಥದ್ದು. ದೊಡ್ಡವನಾದೆ, ಯಾರ ಅಪ್ಪಣೆಗೂ ಕಾಯಬೇಕಾಗಿಲ್ಲ, ಗುಂಪಿಗೆ ಸೇರಿದವನಾದೆ ಎಂಬ ಭಾವನೆಗಳು ಅದರೊಂದಿಗೆ ಬೆಸೆದುಕೊಂಡಿವೆ.

ಈ ಬೆಸುಗೆ ತಾನಾಗಿ ಆದದ್ದೇನೂ ಅಲ್ಲ. 1929ರ ಈಸ್ಟರ್ ಹಬ್ಬದಂದು ನ್ಯೂಯಾರ್ಕಿನ ಫಿಫ್ತ್ ಅವೆನ್ಯೂ ಮೆರವಣಿಗೆಯಲ್ಲಿ ಯುವತಿಯರು ಬಹಿರಂಗವಾಗಿ ಸಿಗರೇಟು ಹಚ್ಚುವಂತೆ ಪ್ರಚಾರತಜ್ಞ ಎಡ್ವರ್ಡ್ ಬರ್ನೇಸ್ ಏರ್ಪಾಟು ಮಾಡಿದ್ದರು. ಅಮೆರಿಕನ್ ಟೊಬ್ಯಾಕೊ ಕಂಪೆನಿಯ ಪರವಾಗಿ ನಡೆದ ಈ ಪ್ರಚಾರದಲ್ಲಿ ಸಿಗರೇಟುಗಳಿಗೆ 'ಸ್ವಾತಂತ್ರ್ಯದ ದೀವಟಿಗೆ' ಎಂಬ ಹೆಸರು ನೀಡಲಾಯಿತು. ಭಾರತದಲ್ಲಿ 1996ರ ಕ್ರಿಕೆಟ್ ವಿಶ್ವಕಪ್ ಸಿಗರೇಟು ಬ್ರಾಂಡೊಂದರ ಹೆಸರಿನಲ್ಲಿ 'ವಿಲ್ಸ್ ವಿಶ್ವಕಪ್' ಆಗಿ ನಡೆಯಿತು. ತಂಬಾಕು ಜಾಹೀರಾತನ್ನು 2003ರ ಕೋಟ್ಪಾ ಕಾಯ್ದೆ ನಿಷೇಧಿಸಿತಾದರೂ, ದಶಕಗಳ ಕಾಲ ಬೇರೂರಿದ ಅರ್ಥ ಕಾಯ್ದೆಯೊಂದರಿಂದ ಅಳಿಸಿಹೋಗುವುದಿಲ್ಲ. ಬೆಳ್ಳಿತೆರೆಯ ನಾಯಕ ಸಿಗರೇಟು ಚಿಮ್ಮಿಸುವ ಶೈಲಿಗೆ ಬಿದ್ದ ಶಿಳ್ಳೆಗಳೂ ಅದನ್ನು ಪೋಷಿಸಿವೆ.

ಮನುಷ್ಯ ಕಂಡದ್ದನ್ನು ಅನುಕರಿಸಿ ಕಲಿಯುತ್ತಾನೆ, ಅದರಲ್ಲೂ ತನಗೆ ಮುಖ್ಯರಾದವರನ್ನು ಹೆಚ್ಚಾಗಿ ಅನುಕರಿಸುತ್ತಾನೆ ಎಂಬುದು ಮನೋವಿಜ್ಞಾನಿ ಆಲ್ಬರ್ಟ್ ಬಂಡೂರಾ ಅವರ ಸಾಮಾಜಿಕ ಕಲಿಕೆಯ ಸಿದ್ಧಾಂತದ ತಿರುಳು. ಹೊಸ ಊರು, ಹೊಸ ಭಾಷೆ, ಪರಿಚಯವಿಲ್ಲದ ಸಹಪಾಠಿಗಳ ನಡುವೆ ನಿಂತ ಮೊದಲ ವರ್ಷದ ವಿದ್ಯಾರ್ಥಿಗೆ ಹಿರಿಯ ವಿದ್ಯಾರ್ಥಿಗಳೇ ಮುಖ್ಯರು. ಚಹಾದೊಂದಿಗೆ ಅವರು ಚಾಚುವ ಸಿಗರೇಟು ಸ್ನೇಹದ ಆಹ್ವಾನವೂ ಆಗಿರುತ್ತದೆ. ಅದನ್ನು ನಿರಾಕರಿಸಿದರೆ ಸ್ನೇಹವನ್ನೇ ನಿರಾಕರಿಸಿದಂತೆ ಎಂಬ ಅಳುಕು ಅಲ್ಲಿ ಕೆಲಸ ಮಾಡುತ್ತದೆ. ಯಾರೂ ಬಲವಂತ ಮಾಡಬೇಕಾಗಿಲ್ಲ.

ಇದರ ಜೊತೆಗೆ ಎಣಿಕೆಯ ತಪ್ಪೊಂದು ಸೇರಿಕೊಳ್ಳುತ್ತದೆ. ಧೂಮಪಾನ ಮಾಡುವವರು ಅಂಗಡಿಯ ಮುಂದೆ ಗುಂಪಾಗಿ ಕಣ್ಣಿಗೆ ಬೀಳುತ್ತಾರೆ, ಮಾಡದವರು ಎಲ್ಲೂ ಎದ್ದು ಕಾಣುವುದಿಲ್ಲ. ಹೀಗಾಗಿ 'ಎಲ್ಲರೂ ಸೇದುತ್ತಾರೆ' ಎಂಬ ಭಾವನೆ ಮೂಡುತ್ತದೆ. ಸಹಪಾಠಿಗಳಲ್ಲಿ ಧೂಮಪಾನಿಗಳು ವಾಸ್ತವಕ್ಕಿಂತ ಹೆಚ್ಚಿದ್ದಾರೆಂದು ಯುವಜನರು, ವಿಶೇಷವಾಗಿ ಸ್ವತಃ ಧೂಮಪಾನಿಗಳಾದವರು, ಅಂದಾಜಿಸುತ್ತಾರೆಂಬುದನ್ನು ಅನೇಕ ಅಧ್ಯಯನಗಳು ದಾಖಲಿಸಿವೆ.

ಒಮ್ಮೆ ರುಚಿ ನೋಡಿದರೆ ಏನು ಮಹಾ ಎಂಬ ಪ್ರಶ್ನೆಗೂ ಉತ್ತರವಿದೆ. ಹಲವು ದೇಶಗಳ ಸಮೀಕ್ಷೆಗಳನ್ನು ಒಟ್ಟುಗೂಡಿಸಿ ಲಂಡನ್ನಿನ ಸಂಶೋಧಕರು 2018ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ, ಒಂದು ಸಿಗರೇಟು ಸೇದಿ ನೋಡಿದವರಲ್ಲಿ ಸುಮಾರು ಶೇ. 69ರಷ್ಟು ಮಂದಿ ತಾತ್ಕಾಲಿಕವಾಗಿಯಾದರೂ ದಿನನಿತ್ಯದ ಧೂಮಪಾನಿಗಳಾದರು.

'ನಾನು ಸ್ಮೋಕರ್ ಅಲ್ಲ'

ವಿಶ್ವವಿದ್ಯಾಲಯ ವಿದ್ಯಾರ್ಥಿಗಳಲ್ಲಿ ಕಾಣುವ ವಿಶಿಷ್ಟ ಲಕ್ಷಣವೆಂದರೆ, ಸಿಗರೇಟು ಸೇದಿಯೂ ತಾನು ಧೂಮಪಾನಿ ಅಲ್ಲ ಎಂದು ಭಾವಿಸುವುದು. ಅಮೆರಿಕದ ಕೊಲೊರಾಡೊದಲ್ಲಿ ಕಾಲೇಜು ವಿದ್ಯಾರ್ಥಿಗಳ ಕುರಿತು ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸಿಗರೇಟು ಸೇದುತ್ತಿದ್ದ ವಿದ್ಯಾರ್ಥಿಗಳ ಪೈಕಿ ಅರ್ಧಕ್ಕೂ ಹೆಚ್ಚು ಮಂದಿ ತಾವು ಧೂಮಪಾನಿಗಳಲ್ಲ ಎಂದು ಹೇಳಿದ್ದರು. ಅದೇ ದೇಶದ 119 ಕಾಲೇಜುಗಳ ಮಾಹಿತಿಯನ್ನು ಆಧರಿಸಿ 2004ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಧೂಮಪಾನಿ ವಿದ್ಯಾರ್ಥಿಗಳ ಪೈಕಿ ಶೇ. 51ರಷ್ಟು ಮಂದಿ ಒಂಟಿಯಾಗಿದ್ದಾಗಿಗಿಂತ ಹೆಚ್ಚಾಗಿ ಗುಂಪಿನಲ್ಲಿದ್ದಾಗಲೇ ಸೇದುವವರೆಂದು ಕಂಡುಬಂದಿತು. ಇವರಲ್ಲಿ ನಿಕೋಟಿನ್ ಅವಲಂಬನೆ ಕಡಿಮೆ ಇತ್ತು. ಆದರೆ ಬಿಡಬೇಕೆಂಬ ಇಚ್ಛೆಯೂ ಕಡಿಮೆ ಇತ್ತು. ತಾನು ಧೂಮಪಾನಿಯೇ ಅಲ್ಲ ಎಂದುಕೊಂಡವರಿಗೆ ಬಿಡುವುದಕ್ಕೆ ಏನೂ ಉಳಿದಿರುವುದಿಲ್ಲ.

ನಮ್ಮಲ್ಲಿ ಈ ಭ್ರಮೆಗೆ ನೀರೆರೆಯುವುದು ಬಿಡಿ ಸಿಗರೇಟು ಮಾರಾಟ. ಚಹಾ ಕುಡಿಯುವಾಗ ಒಂದೇ ಸಿಗರೇಟು ಕೊಂಡವನ ಜೇಬಿನಲ್ಲಿ ಪೊಟ್ಟಣ ಇರುವುದಿಲ್ಲ. ಹಾಗಾಗಿ ದಿನಕ್ಕೆ ಎಷ್ಟಾಯಿತೆಂಬ ಲೆಕ್ಕವೂ ಇರುವುದಿಲ್ಲ. ಪೊಟ್ಟಣದ ಮೇಲಿನ ಎಚ್ಚರಿಕೆಯ ಚಿತ್ರ ಕಣ್ಣಿಗೆ ಬೀಳುವುದೂ ಇಲ್ಲ.

'ಅಪರೂಪಕ್ಕೊಮ್ಮೆ' ಎಂಬುದು ಸುರಕ್ಷಿತ ಹಂತವೂ ಅಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಡಾ. ಜೋಸೆಫ್ ಡಿಫ್ರಾಂಜಾ ಮತ್ತು ಸಂಗಡಿಗರು 2000ದಿಂದೀಚೆಗೆ ಪ್ರಕಟಿಸಿದ ಅಧ್ಯಯನಗಳು, ಹದಿಹರೆಯದವರಲ್ಲಿ ದಿನವೂ ಸೇದುವ ಹಂತಕ್ಕೆ ಬರುವ ಮೊದಲೇ ತುಡಿತ, ಚಡಪಡಿಕೆಯಂತಹ ಅವಲಂಬನೆಯ ಲಕ್ಷಣಗಳು ಕಾಣಿಸಿಕೊಳ್ಳಬಹುದೆಂಬುದನ್ನು ತೋರಿಸಿದವು. ಚಟ ಹತ್ತಿದೆ ಎಂದು ಗೊತ್ತಾಗುವುದು ತಡವಾಗಿ, ಹತ್ತುವುದು ಮಾತ್ರ ಬೇಗ.

ಅಪಾಯ ಗೊತ್ತಿದ್ದೂ ಏಕೆ?

ಕೆಟ್ಟದ್ದು ಸಂಭವಿಸುವುದಾದರೆ ಅದು ಬೇರೆಯವರಿಗೆ ಎಂಬ ನಂಬಿಕೆಯನ್ನು ಮನೋವಿಜ್ಞಾನದಲ್ಲಿ 'ಅವಾಸ್ತವಿಕ ಆಶಾವಾದ' ಎನ್ನುತ್ತಾರೆ. ಅಮೆರಿಕದ ಮನೋವಿಜ್ಞಾನಿ ನೀಲ್ ವೈನ್‌ಸ್ಟೈನ್ 1980ರಲ್ಲಿ ಇದನ್ನು ಗುರುತಿಸಿದ್ದು ಕಾಲೇಜು ವಿದ್ಯಾರ್ಥಿಗಳಲ್ಲೇ. ಒಳ್ಳೆಯ ಘಟನೆಗಳು ತಮಗೆ ಇತರರಿಗಿಂತ ಹೆಚ್ಚಾಗಿಯೂ, ಕೆಟ್ಟ ಘಟನೆಗಳು ಕಡಿಮೆಯಾಗಿಯೂ ಸಂಭವಿಸುತ್ತವೆ ಎಂದು ಅವರು ಅಂದಾಜಿಸಿದ್ದರು. ಧೂಮಪಾನಿಗಳಲ್ಲೂ ಇದೇ ಪ್ರವೃತ್ತಿ ಇರುವುದು ಮುಂದಿನ ಅಧ್ಯಯನಗಳಿಂದ ದೃಢಪಟ್ಟಿತು.

ಅಪಾಯ ಗ್ರಹಿಕೆಯ ತಜ್ಞ ಪಾಲ್ ಸ್ಲೋವಿಕ್ ಇನ್ನೊಂದು ಅಂಶವನ್ನು ಎತ್ತಿ ತೋರಿಸಿದ್ದಾರೆ. ಧೂಮಪಾನದ ಹಾನಿ ಹನಿಹನಿಯಾಗಿ ಕೂಡುವಂಥದ್ದು. ಯಾವುದೇ ಒಂದು ಸಿಗರೇಟು ಕ್ಯಾನ್ಸರ್ ತಂದಂತೆ ಕಾಣುವುದಿಲ್ಲ. ಆದ್ದರಿಂದ ಪ್ರತಿ ಸಲವೂ 'ಇದೊಂದರಿಂದ ಏನಾಗುತ್ತದೆ' ಎಂಬ ವಾದ ಸರಿಯೆನಿಸುತ್ತದೆ. ಯುವಕರು ಹಾನಿಯನ್ನು ಬಲ್ಲರು, ಆದರೆ ಚಟದ ಬಲವನ್ನು ಕಡಿಮೆ ಅಂದಾಜಿಸುತ್ತಾರೆ. ಕೆಲಸ ಸಿಕ್ಕ ಮೇಲೆ ಬಿಡುತ್ತೇನೆ, ಮದುವೆಯಾದ ಮೇಲೆ ಬಿಡುತ್ತೇನೆ ಎಂಬ ಗಡುವುಗಳು ಈ ತಪ್ಪು ಅಂದಾಜಿನಿಂದಲೇ ಹುಟ್ಟುತ್ತವೆ. ಅವಸರದ ನಿರ್ಧಾರಗಳಿಗೆ ಕಡಿವಾಣ ಹಾಕುವ ಮಿದುಳಿನ ಮುಂಭಾಗದ ಬೆಳವಣಿಗೆ ಇಪ್ಪತ್ತರ ಹರೆಯದ ನಡುವಿನವರೆಗೂ ಮುಂದುವರಿಯುತ್ತದೆ ಎಂಬುದನ್ನೂ ಇಲ್ಲಿ ನೆನೆಯಬಹುದು.

ಒತ್ತಡ ಕಳೆಯುತ್ತದೆಯೇ?

ಇಂಟರ್ನಲ್ಸ್, ಸೆಮಿಸ್ಟರ್ ಪರೀಕ್ಷೆ, ಬಾಕಿ ಉಳಿದ ವಿಷಯಗಳು, ಕ್ಯಾಂಪಸ್ ಸಂದರ್ಶನ, ಶಿಕ್ಷಣ ಸಾಲ, ಮನೆಯವರ ನಿರೀಕ್ಷೆ. ವಿದ್ಯಾರ್ಥಿಗಳ ಮೇಲಿನ ಒತ್ತಡ ಕಲ್ಪಿತವಲ್ಲ. ಸಿಗರೇಟು ಹಚ್ಚಿದೊಡನೆ ಮನಸ್ಸು ತಿಳಿಯಾಯಿತೆಂಬ ಅವರ ಅನುಭವವೂ ಸುಳ್ಳಲ್ಲ. ಸುಳ್ಳಿರುವುದು ಆ ಅನುಭವಕ್ಕೆ ಕೊಡುವ ವಿವರಣೆಯಲ್ಲಿ.

ನಿಕೋಟಿನ್ ಮೂಲತಃ ಉದ್ದೀಪಕ. ಅದು ಹೃದಯ ಬಡಿತವನ್ನೂ ರಕ್ತದೊತ್ತಡವನ್ನೂ ಏರಿಸುತ್ತದೆ. ಉದ್ರೇಕಿಸುವ ವಸ್ತು ಶಾಂತಗೊಳಿಸುತ್ತದೆಂದು ಸೇವಿಸುವವರು ಹೇಳುವುದು ಹೇಗೆ? 1973ರಲ್ಲಿ ಈ ವೈರುಧ್ಯವನ್ನು ಪ್ರಯೋಗದ ಮೂಲಕ ಎತ್ತಿ ತೋರಿಸಿದ ಪಾಲ್ ನೆಸ್ಬಿಟ್ ಅವರ ಹೆಸರಿನಲ್ಲಿ ಇದು 'ನೆಸ್ಬಿಟ್ ವಿರೋಧಾಭಾಸ' ಎಂದು ಪ್ರಸಿದ್ಧವಾಯಿತು.

ಬ್ರಿಟನ್ನಿನ ಮನೋವಿಜ್ಞಾನಿ ಆಂಡಿ ಪ್ಯಾರಟ್ 1999ರಲ್ಲಿ ಮಂಡಿಸಿದ ವಿವರಣೆ ಇಂದು ವ್ಯಾಪಕವಾಗಿ ಸ್ವೀಕೃತವಾಗಿದೆ. ಹೊಗೆಯೊಡನೆ ಒಳಹೋದ ನಿಕೋಟಿನ್ 10ರಿಂದ 20 ಸೆಕೆಂಡುಗಳಲ್ಲಿ ಮಿದುಳನ್ನು ತಲುಪುತ್ತದೆ. ಸುಮಾರು ಎರಡು ಗಂಟೆಗಳಲ್ಲಿ ರಕ್ತದಲ್ಲಿನ ಅದರ ಪ್ರಮಾಣ ಅರ್ಧಕ್ಕೆ ಇಳಿಯುತ್ತದೆ. ಅಭ್ಯಾಸವಾದ ಮಿದುಳು ಆಗ ಕೊರತೆಯನ್ನು ಅನುಭವಿಸತೊಡಗುತ್ತದೆ. ಸಿಡುಕು, ಚಡಪಡಿಕೆ, ಏಕಾಗ್ರತೆ ತಪ್ಪುವುದು ಅದರ ಲಕ್ಷಣಗಳು. ಮುಂದಿನ ಸಿಗರೇಟು ಈ ಕೊರತೆಯನ್ನು ನೀಗಿಸುತ್ತದೆ. ಸೇದಿದವನಿಗೆ ಪರೀಕ್ಷೆಯ ಒತ್ತಡ ಇಳಿದಂತೆ ಅನಿಸುತ್ತದೆ. ವಾಸ್ತವವಾಗಿ ಇಳಿದದ್ದು ಹಿಂದಿನ ಸಿಗರೇಟು ಹುಟ್ಟಿಸಿದ ಒತ್ತಡ. ಸೇದಿದ ಬಳಿಕ ಧೂಮಪಾನಿ ತಲುಪುವ ನೆಮ್ಮದಿಯ ಮಟ್ಟ, ಧೂಮಪಾನ ಮಾಡದವರು ಸಹಜವಾಗಿಯೇ ಇರುವ ಮಟ್ಟ ಎಂದು ಪ್ಯಾರಟ್ ಹೇಳುತ್ತಾರೆ. ಬಿಗಿಯಾದ ಚಪ್ಪಲಿ ಕಳಚಿದಾಗ ಸಿಗುವ ಸುಖಕ್ಕೆ ಇದನ್ನು ಹೋಲಿಸಬಹುದು. ಸುಖ ನಿಜ, ಆದರೆ ಆ ಚಪ್ಪಲಿ ಮೆಟ್ಟದವನಿಗೆ ಅದರ ಅಗತ್ಯವೇ ಇರಲಿಲ್ಲ.

ಮಿದುಳಿನ ಚಿತ್ರಣವನ್ನು ಆಧರಿಸಿದ 2006ರ ಅಧ್ಯಯನವೊಂದರಲ್ಲಿ, ಒಂದೆರಡು ದಮ್ಮು ಎಳೆದರೂ ಮಿದುಳಿನ ಪ್ರಮುಖ ನಿಕೋಟಿನ್ ಗ್ರಾಹಕಗಳಲ್ಲಿ ಅರ್ಧದಷ್ಟನ್ನು ನಿಕೋಟಿನ್ ಸುಮಾರು ಮೂರು ಗಂಟೆ ಕಾಲ ಆವರಿಸುತ್ತದೆಂದು ಕಂಡುಬಂದಿತು. 'ಪೂರ್ತಿ ಸೇದಲಿಲ್ಲ, ಸ್ನೇಹಿತನದ್ದು ಎರಡೇ ಪಫ್' ಎಂಬ ಸಮಜಾಯಿಷಿಗೆ ಮಿದುಳಿನ ಲೆಕ್ಕದಲ್ಲಿ ಬೆಲೆಯಿಲ್ಲ.

ನಾಲ್ಕು ಬಗೆಯ ಧೂಮಪಾನಿಗಳು

ಎಲ್ಲರೂ ಒಂದೇ ಕಾರಣಕ್ಕೆ ಸೇದುವುದಿಲ್ಲ. ಅಮೆರಿಕದ ಮನೋವಿಜ್ಞಾನಿ ಸಿಲ್ವನ್ ಟಾಮ್ಕಿನ್ಸ್ 1966ರಲ್ಲಿ ಧೂಮಪಾನಿಗಳನ್ನು ಭಾವನೆಗಳ ಆಧಾರದ ಮೇಲೆ ನಾಲ್ಕು ವರ್ಗಗಳಾಗಿ ವಿಂಗಡಿಸಿದರು. ಸಂತೋಷವನ್ನು ಹೆಚ್ಚಿಸಿಕೊಳ್ಳಲು ಸೇದುವವರು ಮೊದಲ ವರ್ಗ; ಊಟದ ನಂತರ, ಗೆಳೆಯರ ಕೂಟದಲ್ಲಿ ಹಚ್ಚುವ ಸಿಗರೇಟು ಈ ಬಗೆಯದು. ದುಃಖ, ಭಯ, ಬೇಸರವನ್ನು ಅದುಮಲು ಸೇದುವವರು ಎರಡನೆಯವರು. ಯಾವ ಭಾವನೆಯೂ ಇಲ್ಲದೆ ಕೈ ತಾನಾಗಿ ಪೊಟ್ಟಣದತ್ತ ಹೋಗುವ ಅಭ್ಯಾಸಬಲದವರು ಮೂರನೆಯವರು. ಸಿಗರೇಟು ಇಲ್ಲವೆಂಬ ಅರಿವೇ ಸಂಕಟ ಹುಟ್ಟಿಸುವ ಚಟಗ್ರಸ್ತರು ನಾಲ್ಕನೆಯವರು.

ಒಬ್ಬನೇ ವ್ಯಕ್ತಿ ಕಾಲಕ್ರಮದಲ್ಲಿ ಒಂದು ವರ್ಗದಿಂದ ಇನ್ನೊಂದಕ್ಕೆ ಸರಿಯಬಲ್ಲ. ಮೊದಲ ವರ್ಷದಲ್ಲಿ ಗೆಳೆಯರ ಖುಷಿಗೆಂದು ಸೇದಿದವನು ಕೊನೆಯ ವರ್ಷದಲ್ಲಿ ಸಂಕಟ ತಡೆಯಲೆಂದು ಸೇದುತ್ತಿರಬಹುದು. ಬಿಡಿಸುವ ಸಲಹೆಯೂ ವರ್ಗಕ್ಕೆ ತಕ್ಕಂತೆ ಬೇರೆಯಾಗಬೇಕು. ಗುಂಪಿಗಾಗಿ ಸೇದುವವನಿಗೆ ಬೇಕಾದದ್ದು ನಯವಾಗಿ ನಿರಾಕರಿಸುವ ಧೈರ್ಯ. ಬೇಸರ ಮರೆಯಲು ಸೇದುವವನಿಗೆ ಮೊದಲು ಬೇಸರಕ್ಕೇ ಚಿಕಿತ್ಸೆ ಬೇಕು.

ಖಿನ್ನತೆ ಮತ್ತು ಆತಂಕ

ಖಿನ್ನತೆ, ಆತಂಕದಿಂದ ಬಳಲುವವರಲ್ಲಿ ಧೂಮಪಾನ ಹೆಚ್ಚು ಎಂಬುದು ಬಹುಕಾಲದಿಂದ ತಿಳಿದಿರುವ ಸಂಗತಿ. ಇವುಗಳ ಸಂಬಂಧ ಎರಡೂ ದಿಕ್ಕಿನದು. ಮನಸ್ಸು ಕುಗ್ಗಿದವರು ಸಿಗರೇಟಿನ ಮೊರೆ ಹೋಗುತ್ತಾರೆ. ಸಿಗರೇಟಿನ ಏರಿಳಿತ ಮನಸ್ಸನ್ನು ಇನ್ನಷ್ಟು ಕುಗ್ಗಿಸುತ್ತದೆ. ಸಿಗರೇಟು ಬಿಟ್ಟರೆ ಮಾನಸಿಕ ಸ್ಥಿತಿ ಹದಗೆಡಬಹುದೆಂಬ ಅಂಜಿಕೆ ರೋಗಿಗಳಲ್ಲಷ್ಟೇ ಅಲ್ಲ, ಕೆಲವು ವೈದ್ಯರಲ್ಲೂ ಇತ್ತು.

ಬ್ರಿಟನ್ನಿನ ಸಂಶೋಧಕಿ ಜೆಮ್ಮಾ ಟೇಲರ್ ಮತ್ತು ಸಂಗಡಿಗರು 26 ಅಧ್ಯಯನಗಳನ್ನು ಪರಿಶೀಲಿಸಿ 2014ರಲ್ಲಿ 'ಬ್ರಿಟಿಷ್ ಮೆಡಿಕಲ್ ಜರ್ನಲ್'ನಲ್ಲಿ ಪ್ರಕಟಿಸಿದ ವರದಿ ಈ ಅಂಜಿಕೆಯನ್ನು ಅಲ್ಲಗಳೆಯಿತು. ಸಿಗರೇಟು ಬಿಟ್ಟವರಲ್ಲಿ, ಬಿಡದವರಿಗೆ ಹೋಲಿಸಿದರೆ, ಆತಂಕ, ಖಿನ್ನತೆ ಮತ್ತು ಒತ್ತಡ ಕಡಿಮೆಯಾಗಿದ್ದವು. ಸುಧಾರಣೆಯ ಪ್ರಮಾಣ ಖಿನ್ನತೆ ನಿವಾರಕ ಔಷಧಗಳ ಪರಿಣಾಮಕ್ಕೆ ಸಮನಾಗಿತ್ತು ಅಥವಾ ಮಿಗಿಲಾಗಿತ್ತು. 102 ಅಧ್ಯಯನಗಳನ್ನು ಒಳಗೊಂಡ 2021ರ ಕೊಕ್ರೇನ್ ಪರಿಶೀಲನೆಯೂ ಇದೇ ದಿಕ್ಕಿನ ತೀರ್ಮಾನಕ್ಕೆ ಬಂದಿತು. ಆದರೆ ಇದರ ಅರ್ಥ ಔಷಧವನ್ನು ನಿಲ್ಲಿಸಬಹುದೆಂದಲ್ಲ. ಖಿನ್ನತೆಗೆ ಚಿಕಿತ್ಸೆ ಪಡೆಯುತ್ತಿರುವವರು ವೈದ್ಯರಿಗೆ ತಿಳಿಸಿಯೇ ಸಿಗರೇಟು ಬಿಡುವುದು ಒಳಿತು.

ವಿದ್ಯಾರ್ಥಿನಿಯರ ಸ್ಥಿತಿ

ಭಾರತದಲ್ಲಿ ಧೂಮಪಾನ ಮಾಡುವ ಮಹಿಳೆಯರ ಪ್ರಮಾಣ ಕಡಿಮೆ. ಆದರೆ ಮಾಡುವವರ ಮೇಲೆ ಬೀಳುವ ಸಾಮಾಜಿಕ ನಿಂದೆಯ ಭಾರ ಹೆಚ್ಚು. ಹುಡುಗ ಸೇದಿದರೆ 'ಕೆಟ್ಟ ಚಟ' ಎನ್ನುವ ಸಮಾಜವೇ ಹುಡುಗಿ ಸೇದಿದರೆ ಅವಳ ನಡತೆಯನ್ನೇ ಪ್ರಶ್ನಿಸುತ್ತದೆ. ಇದರಿಂದ ಎರಡು ಪರಿಣಾಮಗಳುಂಟಾಗುತ್ತವೆ. ಕೆಲವರಿಗೆ ಸಿಗರೇಟು ಪ್ರತಿಭಟನೆಯ ಸಂಕೇತವಾಗಿ ಕಾಣುತ್ತದೆ. ತಂಬಾಕು ಉದ್ಯಮ 1929ರಲ್ಲಿ ಬಿತ್ತಿದ್ದು ಇದನ್ನೇ. ಇನ್ನು ಕೆಲವರು ಗುಟ್ಟಾಗಿ ಸೇದುತ್ತಾ, ಬಿಡಬೇಕೆನಿಸಿದಾಗಲೂ ವೈದ್ಯರ ಬಳಿ, ಮನೆಯವರ ಬಳಿ ಬಾಯಿಬಿಡಲು ಹಿಂಜರಿಯುತ್ತಾರೆ. ನಿಂದೆ ಚಟವನ್ನು ಬಿಡಿಸುವುದಿಲ್ಲ, ಬಚ್ಚಿಡುವುದನ್ನು ಕಲಿಸುತ್ತದೆ.

ಕಾನೂನು ಏನು ಹೇಳುತ್ತದೆ?

2003ರ ಕೋಟ್ಪಾ ಕಾಯ್ದೆ ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನವನ್ನೂ, 18 ವರ್ಷದೊಳಗಿನವರಿಗೆ ಮತ್ತು ಶಿಕ್ಷಣ ಸಂಸ್ಥೆಗಳ 100 ಗಜ ವ್ಯಾಪ್ತಿಯಲ್ಲಿ ತಂಬಾಕು ಮಾರಾಟವನ್ನೂ ನಿಷೇಧಿಸಿತು. ಕರ್ನಾಟಕ ವಿಧಾನಮಂಡಲ 2024ರಲ್ಲಿ ಇದಕ್ಕೆ ತಿದ್ದುಪಡಿ ತಂದಿತು. 2025ರ ಮೇ ತಿಂಗಳಲ್ಲಿ ರಾಷ್ಟ್ರಪತಿಗಳ ಅಂಕಿತ ಪಡೆದ ಈ ತಿದ್ದುಪಡಿ, ಖರೀದಿಯ ಕನಿಷ್ಠ ವಯಸ್ಸನ್ನು 21ಕ್ಕೆ ಏರಿಸಿತು. ಬಿಡಿ ಸಿಗರೇಟು ಮಾರಾಟ ಹಾಗೂ ಹುಕ್ಕಾ ಬಾರ್‌ಗಳನ್ನು ನಿಷೇಧಿಸಿತು. ಸಾರ್ವಜನಿಕ ಸ್ಥಳದಲ್ಲಿ ಸೇದುವವರಿಗೆ ವಿಧಿಸುವ ದಂಡದ ಮಿತಿಯನ್ನು 200 ರೂಪಾಯಿಯಿಂದ 1,000 ರೂಪಾಯಿಗೆ ಹೆಚ್ಚಿಸಿತು. ಇ-ಸಿಗರೇಟುಗಳ ತಯಾರಿಕೆ, ಆಮದು ಮತ್ತು ಮಾರಾಟಕ್ಕೆ 2019ರಿಂದ ದೇಶಾದ್ಯಂತ ನಿಷೇಧವಿದೆ.

ಅಂದರೆ ರಾಜ್ಯದ ಪದವಿ ವಿದ್ಯಾರ್ಥಿಗಳಲ್ಲಿ ಬಹುಪಾಲು ಮಂದಿಗೆ ಸಿಗರೇಟು ಮಾರುವುದೇ ಕಾನೂನಿನ ಪ್ರಕಾರ ಅಪರಾಧ. ಕಾನೂನು ಸಿಗರೇಟನ್ನು ಕೈಗೆಟುಕದಂತೆ ಮಾಡಬಲ್ಲದು, ಆರಂಭದ ವಯಸ್ಸನ್ನು ಮುಂದೂಡಬಲ್ಲದು. ಆದರೆ ಈಗಾಗಲೇ ಸೇದುತ್ತಿರುವ ವಿದ್ಯಾರ್ಥಿಯನ್ನು ಶಿಸ್ತಿನ ಪ್ರಕರಣವಾಗಿ ಮಾತ್ರ ಕಂಡು ದಂಡ ವಿಧಿಸಿ ಕಳುಹಿಸಿದರೆ, ಆತ ಆವರಣದ ಗೋಡೆಯಿಂದ ಆಚೆಗೆ ಸರಿಯುತ್ತಾನೆಯೇ ಹೊರತು ಸಿಗರೇಟಿನಿಂದಲ್ಲ. ಕಾಲೇಜಿನಲ್ಲಿ ಆಪ್ತ ಸಮಾಲೋಚಕರು ಇರುವುದು, ಅವರ ಬಳಿ ಹೋದ ವಿಷಯ ಗೋಪ್ಯವಾಗಿ ಉಳಿಯುತ್ತದೆಂಬ ವಿಶ್ವಾಸ ವಿದ್ಯಾರ್ಥಿಗಳಲ್ಲಿರುವುದು ಅಷ್ಟೇ ಮುಖ್ಯ.

ಬಿಡುವ ದಾರಿ

ಬಿಡಬೇಕೆಂಬ ಆಸೆಗೇನೂ ಕೊರತೆಯಿಲ್ಲ. 2016-17ರ ಸಮೀಕ್ಷೆಯಲ್ಲಿ ಶೇ. 55.4ರಷ್ಟು ಧೂಮಪಾನಿಗಳು ಬಿಡುವ ಯೋಜನೆ ಅಥವಾ ಯೋಚನೆಯಲ್ಲಿದ್ದರು. ಹಿಂದಿನ 12 ತಿಂಗಳಲ್ಲಿ ಶೇ. 38.5ರಷ್ಟು ಮಂದಿ ಪ್ರಯತ್ನಿಸಿದ್ದರು. ಅವರಲ್ಲಿ ಬಹುಪಾಲು ಮಂದಿ ಯಾರ ನೆರವನ್ನೂ ಪಡೆದಿರಲಿಲ್ಲ. ನೆರವಿಲ್ಲದ ಪ್ರಯತ್ನಗಳಲ್ಲಿ ವರ್ಷದ ಕೊನೆಗೂ ನಿಲ್ಲುವುದು ನೂರಕ್ಕೆ ಮೂರರಿಂದ ಐದು ಮಾತ್ರ ಎಂದು ಅಧ್ಯಯನಗಳು ಹೇಳುತ್ತವೆ. ಒಮ್ಮೆ ಸೋತವರು ತಮಗೆ ಮನೋಬಲವಿಲ್ಲ ಎಂದು ಕೈಚೆಲ್ಲಬೇಕಾಗಿಲ್ಲ.

ಜೇಮ್ಸ್ ಪ್ರೊಚಾಸ್ಕಾ ಮತ್ತು ಕಾರ್ಲೊ ಡಿಕ್ಲೆಮೆಂಟಿ 1983ರಲ್ಲಿ ಧೂಮಪಾನಿಗಳನ್ನೇ ಅಧ್ಯಯನ ಮಾಡಿ, ಬಿಡುವುದು ಒಂದು ದಿನದ ಘಟನೆಯಲ್ಲ, ಹಂತಹಂತದ ಪಯಣ ಎಂದು ತೋರಿಸಿದರು. ಯೋಚನೆ, ಪ್ರಯತ್ನ, ಪಾಲನೆ ಹಾಗೂ ಕೆಲವೊಮ್ಮೆ ಮರಳಿ ಜಾರುವಿಕೆ ಈ ಪಯಣದ ಭಾಗಗಳೇ.

ಅವಲಂಬನೆ ಎಷ್ಟು ಆಳವಾಗಿದೆ ಎಂಬುದನ್ನು ಅಳೆಯಲು ಆರು ಪ್ರಶ್ನೆಗಳ ಫಾಗರ್‌ಸ್ಟ್ರಾಮ್ ಪರೀಕ್ಷೆ ಬಳಕೆಯಲ್ಲಿದೆ. ಎದ್ದ ಎಷ್ಟು ನಿಮಿಷಕ್ಕೆ ಮೊದಲ ಸಿಗರೇಟು ಬೇಕೆನಿಸುತ್ತದೆ ಎಂಬುದು ಅದರ ಪ್ರಮುಖ ಪ್ರಶ್ನೆ. ಐದು ನಿಮಿಷದೊಳಗೆ ಎಂದಾದರೆ ಅವಲಂಬನೆ ತೀವ್ರವಾಗಿದೆ ಎಂದರ್ಥ. ಅಂಥವರಿಗೆ ಆಪ್ತ ಸಲಹೆಯ ಜೊತೆಗೆ ನಿಕೋಟಿನ್ ಚ್ಯೂಯಿಂಗ್ ಗಮ್ ಅಥವಾ ಔಷಧಗಳನ್ನು ವೈದ್ಯರು ಸೂಚಿಸಬಹುದು. ಸಿಗರೇಟು ನಿಲ್ಲಿಸಿದ ಮೊದಲ ಮೂರು ದಿನಗಳಲ್ಲಿ ಸಂಕಟ ಹೆಚ್ಚು. ಎರಡರಿಂದ ನಾಲ್ಕು ವಾರಗಳಲ್ಲಿ ಅದು ಬಹುಮಟ್ಟಿಗೆ ಇಳಿಯುತ್ತದೆ. ಆದ್ದರಿಂದ ಪರೀಕ್ಷೆಯ ಹಿಂದಿನ ವಾರಕ್ಕಿಂತ ಸೆಮಿಸ್ಟರ್ ರಜೆಯ ಆರಂಭ ಬಿಡಲು ಸೂಕ್ತ ಸಮಯ. ಚಹಾ ಅಂಗಡಿಯಂತಹ ಪ್ರಚೋದಕ ಸ್ಥಳಗಳಿಂದ ಕೆಲವು ವಾರ ದೂರವಿರುವುದು, ಬಿಡುತ್ತಿರುವ ವಿಷಯವನ್ನು ಗೆಳೆಯರಿಗೆ ಮೊದಲೇ ಹೇಳುವುದು ನೆರವಾಗುತ್ತದೆ.

ವಿದ್ಯಾರ್ಥಿಗಳ ಪಾಲಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ವಯಸ್ಸಿನ ಲೆಕ್ಕ. ಡಾ. ಪ್ರಭಾತ್ ಝಾ ಮತ್ತು ಸಂಗಡಿಗರು ಅಮೆರಿಕದ ಎರಡು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯನ್ನು ಆಧರಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಧೂಮಪಾನ ಮುಂದುವರಿಸುವವರು ಆಯುಷ್ಯದ ಕನಿಷ್ಠ ಹತ್ತು ವರ್ಷಗಳನ್ನು ಕಳೆದುಕೊಳ್ಳುತ್ತಾರೆ. 25ರಿಂದ 34ರ ವಯಸ್ಸಿನೊಳಗೆ ಬಿಟ್ಟವರು ಆ ಹತ್ತು ವರ್ಷಗಳನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ಮರಳಿ ಪಡೆಯುತ್ತಾರೆ. ಕಾಲೇಜಿನ ಬಾಗಿಲಿನಲ್ಲಿ ಹತ್ತಿದ ಚಟವನ್ನು ಕಾಲೇಜು ಬಿಡುವಷ್ಟರಲ್ಲಿ ಕಳಚಿದರೆ, ಹಾನಿಯ ಬಹುಭಾಗ ತಪ್ಪುತ್ತದೆ.

ನೆರವು ಎಲ್ಲಿ?

ಕೇಂದ್ರ ಆರೋಗ್ಯ ಸಚಿವಾಲಯದ ರಾಷ್ಟ್ರೀಯ ತಂಬಾಕು ವ್ಯಸನಮುಕ್ತಿ ಸಹಾಯವಾಣಿಯ ಉಚಿತ ಸಂಖ್ಯೆ 1800-11-2356. ದೆಹಲಿಯಲ್ಲಿ 2016ರಲ್ಲಿ ಆರಂಭವಾದ ಈ ಸೇವೆಯ ಕೇಂದ್ರವೊಂದು 2018ರಿಂದ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿಯೂ ಇದೆ. ಖಿನ್ನತೆ, ಆತಂಕ, ಪರೀಕ್ಷಾ ಭಯದ ಕುರಿತು ಮಾತನಾಡಲು 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416 ಲಭ್ಯವಿದೆ. ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರ ಮತ್ತು ಕಿದ್ವಾಯಿ ಗಂಥಿ ಸಂಸ್ಥೆ, 2002ರಲ್ಲಿ ದೇಶದಲ್ಲಿ ಆರಂಭಗೊಂಡ ಮೊದಲ 13 ತಂಬಾಕು ವ್ಯಸನಮುಕ್ತಿ ಚಿಕಿತ್ಸಾಲಯಗಳ ಪಟ್ಟಿಗೆ ಸೇರಿದ ಸಂಸ್ಥೆಗಳು.